ಬೀಗ ಹಾಕಿದ ಕೋಣೆ, ಎರಡು ತೆಂಗಿನಮರ: ಒಂದು ಬಾಡಿಗೆ ಕರಾರಿನ ಪ್ರಕರಣ

ಮೈಸೂರಿನ ಕುವೆಂಪುನಗರದಲ್ಲಿ ನನ್ನ ಸೋದರತ್ತೆಯ ಮನೆ ಇದೆ. 40-60 ಸೈಟು. ಎರಡು ಬೆಡ್‌ರೂಮು, ಒಂದು ಪುಟ್ಟ ಕೋಣೆ, ಮುಂದೆ ತುಳಸಿ ಕಟ್ಟೆ, ಹಿತ್ತಲಲ್ಲಿ ಎರಡು ತೆಂಗಿನಮರ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಇದ್ದರು. ಮಂಡಿ ಆಪರೇಷನ್ ಆಯಿತು, ಮಗಳು ಬೆಂಗಳೂರಿಗೆ ಕರೆದಳು. ಮನೆ ಖಾಲಿ ಬಿಡಲು ಮನಸ್ಸಿಲ್ಲ, ಮಾರುವ ಯೋಚನೆ ಅಂತೂ ಇಲ್ಲ. ಬಾಡಿಗೆಗೆ ಕೊಡೋಣ ಎಂದು ತೀರ್ಮಾನವಾಯಿತು. ಬಾಡಿಗೆದಾರರೂ ಬೇಗ ಸಿಕ್ಕರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಒಂದು ಚಿಕ್ಕ ಮಗು. ಬಾಡಿಗೆ 21,000, ಅಡ್ವಾನ್ಸ್ 1,00,000 ಎಂದು ಮಾತಾಯಿತು.

ಕರಾರು ಪತ್ರ ಬರೆಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ವಕೀಲನಲ್ಲ. ಮನೆಯವರ ಕಾಗದ ಪತ್ರ ನೋಡಿಕೊಳ್ಳುವವನು, ಅಷ್ಟೇ. ಕೊನೆಗೆ ಎಲ್ಲವನ್ನೂ ಪರಿಚಯದ ವಕೀಲರೊಬ್ಬರು ತಿದ್ದಿದರು.

ಬಾಡಿಗೆದಾರರು ತಾವೇ ಒಂದು ಕರಡು ತಂದಿದ್ದರು. ಪುಣೆಯ ಗೆಳೆಯರು ಕಳಿಸಿದ್ದಂತೆ. ಮೇಲೆ ದೊಡ್ಡದಾಗಿ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ಎಂದಿತ್ತು. ಒಳಗೆ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಸ್ತಾಪ. ಆ ಕಾಯ್ದೆಗೂ ಕುವೆಂಪುನಗರಕ್ಕೂ ಏನು ಸಂಬಂಧ? ಮಹಾರಾಷ್ಟ್ರದಲ್ಲಿ ಆ ನಮೂನೆಗೆ ಅಲ್ಲಿನ ಕಾನೂನಿನ ಬೆಂಬಲ ಇದೆ. ನಮ್ಮಲ್ಲಿ ಮೇಲೆ ಲೈಸೆನ್ಸ್, ಅಂದರೆ ಬರೀ ಇರಲು ಅನುಮತಿ, ಎಂದು ಬರೆದ ಮಾತ್ರಕ್ಕೆ ಅದು ಲೈಸೆನ್ಸ್ ಆಗಲ್ಲ. ಮನೆಯ ಪೂರ್ತಿ ಸ್ವಾಧೀನ ಕೊಟ್ಟು ತಿಂಗಳು ತಿಂಗಳು ಬಾಡಿಗೆ ತೆಗೆದುಕೊಂಡರೆ ಅದು ಬಾಡಿಗೆಯೇ. ಹೆಸರಿಗಿಂತ ಒಳಗಿನ ವ್ಯವಹಾರ ಮುಖ್ಯ ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ಆ ಕರಡನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆಯಲು ಕೂತೆವು.

ಮಾಲೀಕರು ಯಾರು?

ಮೊದಲ ಸಾಲಲ್ಲೇ ತಡೆ ಬಿತ್ತು. "ಮನೆ ಮಾಲೀಕರಾದ ಶ್ರೀಮತಿ..." ಎಂದು ಬರೆಯಬೇಕಲ್ಲ, ಮಾಲೀಕರು ಯಾರು? "ನಾನೇ ಕಣೋ, ಖಾತೆ ನನ್ನ ಹೆಸರಲ್ಲೇ ಇದೆ, ಕಂದಾಯ ನಾನೇ ಕಟ್ತೀನಿ" ಎಂದರು ಅತ್ತೆ. ಖಾತೆ ಅವರ ಹೆಸರಲ್ಲಿ ಇದ್ದದ್ದು ನಿಜ. ಆದರೆ ಖಾತೆ ಇರುವುದು ಕಂದಾಯಕ್ಕೆ. ಹಕ್ಕಿನ ಪತ್ರ ಅದಲ್ಲ. ಸೈಟು ಮಾವನ ಹೆಸರಲ್ಲಿತ್ತು, ಮಾವ ವಿಲ್ ಬರೆದಿರಲಿಲ್ಲ, ಅವರ ತಾಯಿ ಮೊದಲೇ ತೀರಿಕೊಂಡಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಲೆಕ್ಕದಲ್ಲಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಅಂದರೆ ಮನೆಗೆ ಮೂವರು ಮಾಲೀಕರು. ಅದರಲ್ಲಿ ಮಗ ಇರುವುದು ಅಮೆರಿಕದಲ್ಲಿ.

ಇದರಿಂದ ಎರಡು ಕೆಲಸ ಹುಟ್ಟಿದವು. ಮೊದಲನೆಯದು ಸುಲಭದ್ದು, ಸಹಿ. ಮಗನೂ ಕರಾರಿನಲ್ಲಿ ಪಕ್ಷಗಾರ ಆಗಬೇಕಾದರೆ ಅಲ್ಲಿಂದ ಜಿಪಿಎ (ತನ್ನ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಮಾಡಿ ಕಳಿಸಬೇಕು, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು. 11 ತಿಂಗಳ ಬಾಡಿಗೆಗೆ ಇಷ್ಟೆಲ್ಲ ಯಾಕೆ ಎಂದು ವಕೀಲರೇ ತಡೆದರು. ಸಹಮಾಲೀಕರಲ್ಲಿ ಒಬ್ಬರು ಉಳಿದವರ ಒಪ್ಪಿಗೆಯಿಂದ ಬಾಡಿಗೆಗೆ ಕೊಡಬಹುದು. ಉಳಿದವರ ತಕರಾರು ಇಲ್ಲದಿದ್ದರೆ ಮನೆ ಬಿಡಿಸುವ ಕೇಸನ್ನೂ ಒಬ್ಬರೇ ಹಾಕಬಹುದು. ಇದೂ 1976ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತ ಮಾತು. ಹಾಗಾಗಿ ಅತ್ತೆ ತಮ್ಮ ಪರವಾಗಿಯೂ ಮಕ್ಕಳ ಒಪ್ಪಿಗೆಯಿಂದಲೂ ಕೊಡುತ್ತಿದ್ದಾರೆ ಎಂದು ಬರೆದೆವು. ಮಗ, ಮಗಳು ಇಬ್ಬರ ಸಹಿ ಮಾಡಿದ ಒಪ್ಪಿಗೆ ಪತ್ರ ಹಿಂದೆ ಲಗತ್ತಿಸಿದೆವು.

ಎರಡನೆಯದು ತೆರಿಗೆ. ಇದು ಬಾಡಿಗೆದಾರರ ತಲೆನೋವು ಎಂದು ಎಷ್ಟೋ ಮಾಲೀಕರಿಗೆ ಗೊತ್ತೇ ಇರಲ್ಲ. ವಿದೇಶದಲ್ಲಿ ನೆಲೆಸಿದವರಿಗೆ ಬಾಡಿಗೆ ಕೊಡುವಾಗ ಕೊಡುವವರೇ ಟಿಡಿಎಸ್, ಅಂದರೆ ತೆರಿಗೆಯನ್ನು ಮೊದಲೇ ಮುರಿದು ಸರ್ಕಾರಕ್ಕೆ ಕಟ್ಟುವ ಕಡಿತ, ಹಿಡಿಯಬೇಕು. ಇಲ್ಲೇ ಇರುವ ಮಾಲೀಕರಿಗಾದರೆ ಬಾಡಿಗೆ ತಿಂಗಳಿಗೆ 50,000 ದಾಟುವವರೆಗೆ ಸಾಮಾನ್ಯ ಸಂಬಳದಾರರಿಗೆ ಆ ತಾಪತ್ರಯ ಇಲ್ಲ. ವಿದೇಶದವರ ವಿಷಯದಲ್ಲಿ ಅಂಥ ಮಿತಿಯೇ ಇಲ್ಲ. ದರ ಸೆಸ್ ಸೇರಿ ಶೇ. 31.2. ಮಗನ ಪಾಲು 7,000, ಅದರಲ್ಲಿ 2,184 ತಿಂಗಳು ತಿಂಗಳೂ ಕಡಿತ. ಜೊತೆಗೆ ಬಾಡಿಗೆದಾರರು ಟ್ಯಾನ್ ನಂಬರ್ (ತೆರಿಗೆ ಕಡಿತ ಮಾಡುವವರ ಗುರುತಿನ ಸಂಖ್ಯೆ) ತೆಗೆದುಕೊಳ್ಳಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸಬೇಕು. "ಆಂಟಿ, ಬಾಡಿಗೆ ಎಲ್ಲ ನಿಮ್ಮ ಅಕೌಂಟಿಗೇ ಹಾಕ್ತೀವಿ, ಇದೆಲ್ಲ ಯಾರು ನೋಡ್ತಾರೆ?" ಎಂದು ಬಾಡಿಗೆದಾರರು ಕೇಳಿದ್ದು ಸಹಜ. ಆದರೆ ಅವರು ಆಫೀಸಿನಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸುವವರು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಲೇಬೇಕು. ಕೊಟ್ಟ ಮೇಲೆ ಕಾಗದ ಒಂದು ಹೇಳಿ ದುಡ್ಡು ಇನ್ನೊಂದು ಹೇಳಿದರೆ ಮೊದಲು ಸಿಕ್ಕಿಬೀಳುವುದು ಅವರೇ. ಪಾಲು ಗೊತ್ತಿರುವ ಆಸ್ತಿಯಲ್ಲಿ ದುಡ್ಡು ಯಾರ ಖಾತೆಗೆ ಬಿದ್ದರೂ ಆದಾಯ ಆಯಾ ಪಾಲುದಾರರದೇ.

ಮನೆಯೊಳಗೆ ಇನ್ನೊಂದು ಸಲಹೆ ಬಂತು. ಮಗ ಅಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಬಿಡಲಿ, ಮನೆಯವರ ಮಧ್ಯೆ ಸ್ಟಾಂಪ್ ಶುಲ್ಕವೂ ಕಡಿಮೆ, ಆಮೇಲೆ ಟಿಡಿಎಸ್ ಗೋಜೇ ಇಲ್ಲ ಅಂತ. ನಾನು ಇದನ್ನು ಒಪ್ಪಲಿಲ್ಲ. 2,184 ರೂಪಾಯಿ ಕಡಿತ ತಪ್ಪಿಸಲು ಆಸ್ತಿಯ ಹಕ್ಕನ್ನೇ ಬರೆದುಕೊಡುವುದೇ? ಹಕ್ಕು ಬಿಡಬೇಕಾದರೆ ಅಣ್ಣ ತಂಗಿ ಕೂತು, ಬೇರೆ ಕಾರಣಕ್ಕೆ, ನಿಧಾನವಾಗಿ ಮಾಡಲಿ. ಆಡಿಟರು ಬೇರೆ ದಾರಿ ತೋರಿಸಿದರು. ಮಗನಿಗೆ ಇಂಡಿಯಾದಲ್ಲಿ ಬೇರೆ ಆದಾಯ ಹೆಚ್ಚಿಲ್ಲ. ಅವನ ಪಾಲಿನ ಬಾಡಿಗೆ ವರ್ಷಕ್ಕೆ 84,000, ಅದರಲ್ಲೂ ಶೇ. 30 ರಿಪೇರಿ ಲೆಕ್ಕಕ್ಕೆ ಕಳೆಯುತ್ತದೆ. ತೆರಿಗೆಯೇ ಬೀಳದ ಆದಾಯ. ಹಾಗಾಗಿ ಕಡಿತ ಬೇಡ ಎಂಬ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಬಹುದು. ಅದನ್ನೇ ಮಾಡಿದರು. ಪ್ರಮಾಣಪತ್ರ ಕೈಗೆ ಬರುವವರೆಗೆ ಕಡಿತ ಮಾಡುವುದು, ಟ್ಯಾನ್ ಮತ್ತು ಲೆಕ್ಕದ ಆಡಿಟರ್ ಖರ್ಚು ಅತ್ತೆಯೇ ಕೊಡುವುದು, ಮಗನ ಪಾಲು ಅವನ ಎನ್‌ಆರ್‌ಒ ಖಾತೆಗೆ (ವಿದೇಶದಲ್ಲಿ ನೆಲೆಸಿದವರು ಇಲ್ಲಿನ ಆದಾಯಕ್ಕೆ ಇಡುವ ಬ್ಯಾಂಕ್ ಖಾತೆ). ಇದೆಲ್ಲ ಕರಾರಿನ ಬಾಡಿಗೆ ಕಲಮಿನಲ್ಲೇ ಬಂತು. ಬಾಡಿಗೆದಾರರಿಗೆ ಖರ್ಚು ತಮ್ಮದಲ್ಲ ಎಂದು ಗೊತ್ತಾದ ಕೂಡಲೇ ಸಮಾಧಾನವಾಯಿತು.

11 ತಿಂಗಳ ಲೆಕ್ಕ

ಬಾಡಿಗೆದಾರರಿಗೆ ಮೂರು ವರ್ಷಕ್ಕೆ ಬೇಕಿತ್ತು. ಮಗುವಿಗೆ ಹತ್ತಿರದ ಶಾಲೆಯಲ್ಲಿ ಸೀಟು ಸಿಕ್ಕಿತ್ತು, ಮತ್ತೆ ಮತ್ತೆ ಮನೆ ಬದಲಿಸುವುದು ಯಾರಿಗೆ ಬೇಕು? ಅತ್ತೆಗೆ 11 ತಿಂಗಳೇ ಆಗಬೇಕು. ಪಕ್ಕದ ಮನೆಯವರು ಹೆದರಿಸಿದ್ದರು: ಜಾಸ್ತಿ ದಿನಕ್ಕೆ ಬರೆದುಕೊಟ್ಟರೆ ಬಿಡೋದೇ ಇಲ್ಲ, ಹನ್ನೆರಡು ವರ್ಷ ಇದ್ದರೆ ಮನೆಯೇ ಅವರದಾಗುತ್ತೆ.

ಹನ್ನೆರಡು ವರ್ಷದ ಮಾತು ಬಾಡಿಗೆದಾರರಿಗೆ ಹೊಂದುವುದೇ ಇಲ್ಲ. ಅದು ಮಾಲೀಕರ ಹಕ್ಕನ್ನೇ ಅಲ್ಲಗಳೆದು, ಅವರಿಗೆ ಎದುರಾಗಿ ಜಾಗ ಹಿಡಿದು ಕೂತವರ ಮಾತು. ಬಾಡಿಗೆದಾರರು ಇರುವುದು ಮಾಲೀಕರ ಅನುಮತಿಯಿಂದ. ಆ ಅನುಮತಿ ಕಾಗದದಲ್ಲಿ ಇರಬೇಕು ಎನ್ನುವುದಕ್ಕೆ ಇದೇ ದೊಡ್ಡ ಕಾರಣ. ಇನ್ನು ಬಾಡಿಗೆದಾರರನ್ನು ಬಿಡಿಸಲಾಗದೆ ಒದ್ದಾಡಿದ ಕಥೆಗಳು ಬಹುಪಾಲು 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದವು. ಈಗಿರುವುದು ಕರ್ನಾಟಕ ಬಾಡಿಗೆ ಕಾಯ್ದೆ 1999, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಅದರ ರಕ್ಷಣೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಒಳಗಿನ ಬಾಡಿಗೆ ಮನೆಗಳಿಗೆ, ಬೇರೆ ಕಡೆ 2,000 ಒಳಗಿನವಕ್ಕೆ. ಇವತ್ತು ಮೈಸೂರಲ್ಲಿ ಆ ಬಾಡಿಗೆಗೆ ಯಾವ ಮನೆ ಸಿಗುತ್ತದೆ? ಅದರ ಹೊರಗಿನ ಮನೆಗಳಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರಲ್ಲಿ ಎರಡೂ ಕಡೆಯವರು ಏನು ಬರೆದುಕೊಂಡಿದ್ದಾರೋ ಅದಕ್ಕೇ ಹೆಚ್ಚು ಬೆಲೆ.

11 ತಿಂಗಳು ಯಾಕೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹಾಗೆ ಹೇಳುತ್ತದೆ. ಅದನ್ನು ತಪ್ಪಿಸಲು ಊರೆಲ್ಲ 11ಕ್ಕೆ ನಿಲ್ಲಿಸುತ್ತಾರೆ. ತಪ್ಪೇನಿಲ್ಲ. ಅಪಾಯ ಇರುವುದು ಎರಡೂ ಬೇಕು ಅನ್ನುವವರಿಗೆ. ಸುಮ್ನೆ ಇ-ಸ್ಟಾಂಪ್ ಕಾಗದದ ಮೇಲೆ ಮೂರು ವರ್ಷ ಎಂದು ಬರೆದು, ನೋಂದಣಿ ಮಾಡಿಸದೆ ಬೀರುವಿನಲ್ಲಿ ಇಡುವುದು. ಅಂಥ ಪತ್ರ ಕೋರ್ಟಿನಲ್ಲಿ ಮೂರು ವರ್ಷದ ಅವಧಿಯನ್ನು ಸಾಬೀತು ಮಾಡಲ್ಲ. ತಿಂಗಳು ತಿಂಗಳಿನ ಬಾಡಿಗೆ ಎಂದಾಗುತ್ತದೆ, 15 ದಿನದ ನೋಟಿಸಿಗೆ ಮುಗಿಯುವಂಥದ್ದು. ಅದನ್ನು ನಂಬಿದ ಬಾಡಿಗೆದಾರರಿಗೇ ನಷ್ಟ. "11 ತಿಂಗಳು, ಆಮೇಲೆ ತಾನಾಗಿಯೇ ಮೂರು ವರ್ಷದವರೆಗೆ ಮುಂದುವರಿಯುತ್ತದೆ" ಎಂಬ ಜಾಣ ಸಾಲೂ ಬೇಡ ಎಂದರು ವಕೀಲರು. ನೋಂದಣಿ ತಪ್ಪಿಸಲು ಬರೆದ ಮೂರು ವರ್ಷದ ಕರಾರು ಇದು ಎಂಬ ವಾದಕ್ಕೆ ಅದೇ ಎಡೆ. ನೋಟರಿ ಸೀಲಿಗೂ ನೋಂದಣಿಗೂ ಸಂಬಂಧ ಇಲ್ಲ. ನೋಟರಿ ನೋಡುವುದು ಸಹಿ ಹಾಕಿದವರನ್ನು.

ನನ್ನ ಮಾತು ಕೇಳಿದ್ದರೆ ಮೂರು ವರ್ಷಕ್ಕೇ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದಿತ್ತು. ಖರ್ಚು ಜಾಸ್ತಿ, ನಿಜ. ಅತ್ತೆ ಒಪ್ಪಲಿಲ್ಲ, "ನನ್ನ ಮಂಡಿ ಸರಿ ಹೋದರೆ ವಾಪಸ್ ಬಂದುಬಿಡ್ತೀನಿ" ಎಂಬ ಆಸೆ ಅವರದು. ಅದು ಅವರ ಮನೆ. ಕೊನೆಗೆ 11 ತಿಂಗಳು, ಇಬ್ಬರೂ ಒಪ್ಪಿದರೆ ಹೊಸ ಕರಾರು, ಬಾಡಿಗೆ ಶೇ. 5 ಏರಿಕೆ, ಯಾರೇ ಆಗಲಿ ಎರಡು ತಿಂಗಳ ಮುಂಚೆ ಬರಹದಲ್ಲಿ ತಿಳಿಸುವುದು ಎಂದಾಯಿತು. ಶಾಲೆಯ ವರ್ಷದ ನಡುವೆ ಬಿಡಿಸುವುದಿಲ್ಲ ಎಂದು ಅತ್ತೆ ಬಾಯಿಮಾತಲ್ಲಿ ಹೇಳಿದರು. ಬಾಡಿಗೆದಾರರ ಹೆಂಡತಿ ನಗುತ್ತಲೇ "ಅದನ್ನೂ ಬರೆದುಬಿಡಿ ಆಂಟಿ" ಎಂದರು. ಸರಿಯಾಗಿಯೇ ಕೇಳಿದರು ಅಲ್ವಾ? 11 ತಿಂಗಳನ್ನು ಜೂನ್‌ನಿಂದ ಏಪ್ರಿಲ್‌ಗೆ ಕೂರಿಸಿದೆವು, ಪರೀಕ್ಷೆ ಮುಗಿಯುವ ಹೊತ್ತಿಗೆ ಅವಧಿ ಮುಗಿಯುವ ಹಾಗೆ.

ಸ್ಟಾಂಪ್ ಶುಲ್ಕದಲ್ಲಿ ಊರೆಲ್ಲ ಒಂದು ಅಭ್ಯಾಸ ಇದೆ. ಅಂಗಡಿಯವರು ಕೊಟ್ಟ 100 ರೂಪಾಯಿ ಪೇಪರಿನ ಮೇಲೆ ಅಚ್ಚು ಹೊಡೆಸುವುದು. ಶುಲ್ಕದ ಲೆಕ್ಕ ಹಾಗಿಲ್ಲ. ಬಾಡಿಗೆ, ಅಡ್ವಾನ್ಸ್ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟು ಸಾಕ್ಷಿಯಾಗಿ ತೆಗೆದುಕೊಳ್ಳಬೇಕಾದರೆ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ. ಆವತ್ತಿನ ದರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ ಅಷ್ಟಕ್ಕೇ ಇ-ಸ್ಟಾಂಪ್ ತೆಗೆಸಿದೆವು.

ಮನೆ ಎಂದರೆ ಎಷ್ಟು?

ಅತಿ ಹೆಚ್ಚು ಹೊತ್ತು ಹಿಡಿದದ್ದು ಕೊನೆಯ ಪುಟ, ಷೆಡ್ಯೂಲ್. ಸಾಮಾನ್ಯವಾಗಿ ಇಲ್ಲಿ ಮನೆ ನಂಬರು, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟು ಎಂದು ಬರೆದು ಮುಗಿಸುತ್ತಾರೆ. ಖಾಲಿ ಫ್ಲ್ಯಾಟಿಗೆ ಅಷ್ಟು ಸಾಕು. ಮೂವತ್ತು ವರ್ಷ ಸಂಸಾರ ಮಾಡಿದ ಸ್ವಂತ ಮನೆಗೆ ಸಾಲುವುದಿಲ್ಲ.

ಪುಟ್ಟ ಕೋಣೆಯಲ್ಲಿ ಅತ್ತೆ ತಮ್ಮ ಬೀರು, ಹಿತ್ತಾಳೆ ಪಾತ್ರೆ, ಮಾವನ ಪುಸ್ತಕ ಎಲ್ಲ ತುಂಬಿ ಬೀಗ ಹಾಕಿದ್ದರು. ಕರಾರಿನಲ್ಲಿ ಬರೀ "ಮನೆ" ಎಂದಿದ್ದರೆ ಆ ಕೋಣೆಯೂ ಬಾಡಿಗೆಗೆ ಕೊಟ್ಟಂತೆ. ಆ ಕೋಣೆ ಬಾಡಿಗೆಗೆ ಸೇರಿಲ್ಲ, ಒಂದು ದಿನ ಮುಂಚೆ ಹೇಳಿ ಹಗಲು ಹೊತ್ತು ಬಂದು ತೆರೆಯಬಹುದು, ಒಳಗಿನ ಸಾಮಾನಿಗೆ ಬಾಡಿಗೆದಾರರು ಹೊಣೆಯಲ್ಲ, ಆದರೆ ಗೋಡೆಯಲ್ಲಿ ನೀರು ಜಿನುಗುವುದು ಕಂಡರೆ ತಕ್ಷಣ ತಿಳಿಸಬೇಕು. ಈ ಕೊನೆಯ ಸಾಲು ಬಾಡಿಗೆದಾರರೇ ಸೂಚಿಸಿದ್ದು.

ಆಮೇಲೆ ತೆಂಗು. "ಕಾಯಿ ಅವರೂ ತಿನ್ನಲಿ ಬಿಡು" ಎಂದರು ಅತ್ತೆ. ಔದಾರ್ಯ ಒಳ್ಳೆಯದೇ. ಆದರೆ ಮರ ಹತ್ತುವವರಿಗೆ ಯಾರು ಕೊಡಬೇಕು? ಒಣಗರಿ, ಕಾಯಿ ಪಕ್ಕದ ಮನೆಯ ಕಾರಿನ ಮೇಲೆ ಬಿದ್ದರೆ? ಮೂರು ತಿಂಗಳಿಗೊಮ್ಮೆ ಕಾಯಿ ಕೀಳಿಸಿ ಸೋಗೆ ತೆಗೆಸುವ ಕೂಲಿ ಮಾಲೀಕರದು, ಕರೆಸುವ ಕೆಲಸ ಬಾಡಿಗೆದಾರರದು, ಕಾಯಿ ಅರ್ಧ ಅರ್ಧ ಎಂದು ಬರೆದೆವು. ವಕೀಲರು ನಕ್ಕರು, ಅಳಿಸಲಿಲ್ಲ.

ಸೋಲಾರ್ ಹೀಟರ್ ವಿಷಯ ನಗೆಯದ್ದಲ್ಲ. ಬೋರ್ ನೀರಿಗೆ ಒಳಗೆ ಉಪ್ಪು ಕಟ್ಟುತ್ತದೆ, ವರ್ಷಕ್ಕೊಮ್ಮೆ ತೊಳೆಸಬೇಕು. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಮೋಟಾರು ಸುಟ್ಟರೆ? ಮಾಲೀಕರು ತಾವು ಮಾಡಿಸಬೇಕಾದ ರಿಪೇರಿಯನ್ನು ಹೇಳಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎಂದು ಕಾಯ್ದೆಯಲ್ಲೇ ಇದೆ. ಹಾಗಾದರೆ ಯಾವ ರಿಪೇರಿ ಯಾರದು ಎಂಬುದೇ ಪ್ರಶ್ನೆ. 1,000 ರೂಪಾಯಿ ಒಳಗಿನದು ಬಾಡಿಗೆದಾರರದು. ಅದರ ಮೇಲಿನದು, ಮೋಟಾರು, ಸೋಲಾರು, ಸಂಪು, ತಾರಸಿ ಸೋರಿಕೆ ಮಾಲೀಕರದು. ಫೋನ್ ಮಾಡಿದ ನಾಲ್ಕು ದಿನದೊಳಗೆ ಆಗದಿದ್ದರೆ ಬಿಲ್ ಇಟ್ಟುಕೊಂಡು ಕಳೆದುಕೊಳ್ಳಬಹುದು.

ಸೆಸ್ಕ್ (ಇಲ್ಲಿನ ವಿದ್ಯುತ್ ಕಂಪನಿ) ಮೀಟರಿನ ಆರ್‌ಆರ್ ನಂಬರನ್ನೂ ಷೆಡ್ಯೂಲಿನಲ್ಲಿ ಹಾಕಿದೆವು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಈ ಮೀಟರು ಅತ್ತೆಯ ಆಧಾರಿಗೆ, ಬಾಡಿಗೆದಾರರ ಆಧಾರು ಅವರ ಹಳೇ ಬಾಡಿಗೆ ಮನೆಯ ಮೀಟರಿಗೆ ಜೋಡಣೆಯಾಗಿತ್ತು. ಎರಡನ್ನೂ ಡಿ-ಲಿಂಕ್ ಮಾಡಿಸಬೇಕಾಯಿತು. ಆಗ ಕೇಳುವುದು ಕರಾರು ಪತ್ರವನ್ನೇ, ವಿಳಾಸ ಸರಿಯಾಗಿರಬೇಕು.

ಎಲ್ಲ ಕೋಣೆಯ ಗೋಡೆ, ಸಿಂಕು, ಕಿಟಕಿ, ಮೀಟರಿನ ಓದು ಇಬ್ಬರೂ ನಿಂತು ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡೆವು. ಮೊದಲೇ ಇದ್ದ ಬಿರುಕು ಯಾರ ತಲೆಗೂ ಬರದ ಹಾಗೆ.

ಅಡ್ವಾನ್ಸ್ ವಾಪಸ್ಸು

ಮಾಲೀಕರು ಬಾಡಿಗೆದಾರರು ಜಗಳ ಆಡುವುದು ಸೇರುವಾಗ ಅಲ್ಲ, ಬಿಡುವಾಗ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿ ಬೆಳೆದಿದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎನ್ನುತ್ತದೆ, ಆದರೆ ಅದು ಮಾದರಿ ಅಷ್ಟೇ. ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಜಾರಿ. ನಮ್ಮಲ್ಲಿ ಸುಮಾರು ಐದು ತಿಂಗಳಿನಷ್ಟು ಆಯಿತು. ಅತ್ತೆ ಅದನ್ನು ಆಪರೇಷನ್ ಸಾಲಕ್ಕೆ ಹಾಕುವ ಯೋಚನೆಯಲ್ಲಿದ್ದರು. ನಾವು ಬಿಡಲಿಲ್ಲ, ಎಫ್‌ಡಿ ಇಟ್ಟರು. ಅದು ವಾಪಸ್ ಕೊಡುವ ದುಡ್ಡು.

ಕಲಮನ್ನು ಹೀಗೆ ಬರೆದೆವು: ಬೀಗದ ಕೈ ಕೊಟ್ಟ ದಿನವೇ 80,000. ಉಳಿದ 20,000 ಕರೆಂಟು ನೀರಿನ ಕೊನೆಯ ಬಿಲ್ ಬಂದ ಮೇಲೆ, ಹೆಚ್ಚೆಂದರೆ 15 ದಿನದೊಳಗೆ, ಲೆಕ್ಕದ ಚೀಟಿ ಜೊತೆ. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿಯ ಬಗ್ಗೆ ಚರ್ಚೆಯಾಯಿತು. ಹೊಸ ಬಣ್ಣ ಹೊಡೆಸಿ ಕೊಟ್ಟಿರಲಿಲ್ಲ, ಹಿಡಿಯುವುದು ನ್ಯಾಯವಲ್ಲ ಎಂದೆ. ಮೂರು ವರ್ಷ ದಾಟಿ ಇದ್ದರೆ ಏನೂ ಹಿಡಿಯುವುದಿಲ್ಲ, ಅದಕ್ಕೆ ಮುಂಚೆ ಬಿಟ್ಟರೆ ಅರ್ಧ ತಿಂಗಳಿನದು ಎಂದು ರಾಜಿಯಾಯಿತು.

ಅತಿಥಿಗಳ ಮೇಲೆ ಕಟ್ಟುಪಾಡು ಹಾಕಬೇಕೆಂದು ಅತ್ತೆಗೆ ಇತ್ತು. ಒಂದು ವಾರಕ್ಕಿಂತ ಹೆಚ್ಚು ಯಾರೂ ಇರಬಾರದು ಅಂತ. "ನಾಳೆ ಆ ಹುಡುಗಿಗೆ ಎರಡನೇ ಬಾಣಂತನ ಬಂದರೆ ಅವರಮ್ಮ ಮೂರು ತಿಂಗಳು ಬರೋದಿಲ್ವಾ?" ಎಂದು ಮಗಳು ಕೇಳಿದಳು. ಅತ್ತೆ ತಾವೇ ಆ ಸಾಲು ಹೊಡೆದುಹಾಕಿದರು. ಒಳಬಾಡಿಗೆ, ಪೇಯಿಂಗ್ ಗೆಸ್ಟ್, ವ್ಯಾಪಾರ ಇಲ್ಲ ಎಂಬುದು ಉಳಿಯಿತು. ಒಳಬಾಡಿಗೆ ಬೇಡವಾದರೆ ಬರೆಯಲೇಬೇಕು. ಕರಾರಿನಲ್ಲಿ ಏನೂ ಇಲ್ಲದಿದ್ದರೆ 1882ರ ಕಾಯ್ದೆ ಬಾಡಿಗೆದಾರರಿಗೆ ಆ ಅವಕಾಶ ಕೊಡುತ್ತದೆ.

ಕರಡಿನಲ್ಲಿ ಯಾರೋ ಸೇರಿಸಿದ್ದ ಒಂದು ಸಾಲನ್ನು ವಕೀಲರು ಕೆಂಪು ಪೆನ್ನಿನಲ್ಲಿ ಹೊಡೆದರು. ಎರಡು ತಿಂಗಳು ಬಾಡಿಗೆ ನಿಂತರೆ ಮಾಲೀಕರು ಬೀಗ ಹಾಕಬಹುದು, ನೀರು ಕರೆಂಟು ನಿಲ್ಲಿಸಬಹುದು ಎಂದು. ಹಾಗೆ ಬಲವಂತವಾಗಿ ಹೊರಹಾಕಿದರೆ, ಬಾಡಿಗೆ ಬಾಕಿ ಇದ್ದರೂ ಸರಿ, ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಸ್ವಾಧೀನ ವಾಪಸ್ ಪಡೆಯಬಹುದು. ನೋಟಿಸು, ಆಮೇಲೆ ಕೇಸು, ದಾರಿ ಅದೊಂದೇ.

ಪ್ರತಿ ಪುಟಕ್ಕೂ ಸಹಿ, ಇಬ್ಬರು ಸಾಕ್ಷಿ, ಎರಡು ಮೂಲ ಪ್ರತಿ. ಆಧಾರ್ ಜೆರಾಕ್ಸಿನಲ್ಲಿ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಮರೆಮಾಡಿದ್ದೇ ಸಾಕು ಎಂದಾಯಿತು. ಬಾಡಿಗೆದಾರರ ವಿವರ ಪೊಲೀಸ್ ಠಾಣೆಗೂ ಒಂದು ಪ್ರತಿ ಹೋಯಿತು.

ಏಪ್ರಿಲ್‌ನಲ್ಲಿ ಅವಧಿ ಮುಗಿಯುವ ಮುಂಚೆಯೇ ಇಬ್ಬರೂ ಮುಂದುವರಿಯಲು ಒಪ್ಪಿದರು. ಬಾಡಿಗೆ 22,050 ಆಯಿತು. ಸುಮ್ಮನೆ ಹಳೇ ಕರಾರಿನ ಮೇಲೆ ಬಾಡಿಗೆ ತೆಗೆದುಕೊಳ್ಳುತ್ತಾ ಹೋಗದೆ ಹೊಸ ಪತ್ರ ಮಾಡಿಸಿದೆವು, ಈ ಸಲವೂ ಹೊಸ ಇ-ಸ್ಟಾಂಪಿನ ಮೇಲೆ. ಎರಡು ಬದಲಾವಣೆ ಬಂದವು. ಸೋಲಾರ್ ಟ್ಯಾಂಕು ಸೋರಿ ಎರಡು ವಾರ ಬಿಸಿನೀರು ಇಲ್ಲದ್ದರಿಂದ ರಿಪೇರಿಯವರ ಫೋನ್ ನಂಬರನ್ನೇ ಷೆಡ್ಯೂಲಿಗೆ ಸೇರಿಸಿದರು. ಮತ್ತೆ, ಮರ ಹತ್ತುವವರ ಕೂಲಿ ಏರಿದ್ದರಿಂದ ಕಾಯಿಯ ಪಾಲು ಬಿಟ್ಟುಕೊಟ್ಟು ಕೂಲಿಯನ್ನೂ ಬಾಡಿಗೆದಾರರೇ ವಹಿಸಿಕೊಂಡರು.